ಬೀಗದ ಕೈ ಇಲ್ಲದ ಕಾರು

ಬೀಗದ ಕೈ ಯಾರ ಬಳಿ ಇದೆಯೋ ಮನೆಯ ಯಜಮಾನಿಕೆ ಅವರದ್ದು ಎಂಬುದು ನಮ್ಮ ಹಿರಿಯರ ಲೆಕ್ಕ. ಅಕ್ಕಿ ಕೋಣೆಯ ಬೀಗದ ಕೈ ಅಜ್ಜಿಯ ಸೊಂಟದಲ್ಲೇ ಇರುತ್ತಿತ್ತು. ಅದು ಸೊಸೆಯ ಸೊಂಟಕ್ಕೆ ಬಂದ ದಿನ ಮನೆಯ ಆಡಳಿತ ಬದಲಾಯಿತು ಎಂದೇ ಅರ್ಥ. ಅದಕ್ಕೆ ಬೇರೆ ಸಭೆ ಸಮಾರಂಭ ಬೇಕಿರಲಿಲ್ಲ. ಅದು ಕಣ್ಣಿಗೆ ಕಾಣುವ, ಕಳೆದುಹೋದರೆ ಬಾವಿಕಟ್ಟೆಯಿಂದ ಹಟ್ಟಿಯವರೆಗೆ ಹುಡುಕಬಹುದಾದ ವಸ್ತು. ನಮ್ಮ ಭಾಷೆ ಕೂಡ ಅದನ್ನು 'ಕೈ' ಎಂದೇ ಕರೆಯಿತು.

ಈಗಿನ ಕಾರುಗಳಿಗೆ ಆ ಕೈ ಇಲ್ಲ. ಜೇಬಿನಲ್ಲೋ ಬ್ಯಾಗಿನಲ್ಲೋ ಕರಿಯ ಪ್ಲಾಸ್ಟಿಕ್ ತುಂಡೊಂದು ಇದ್ದರೆ ಸಾಕು. ಹಿಡಿಯ ಮೇಲಿನ ಗುಂಡಿ ಒತ್ತಿದರೆ ಬಾಗಿಲು ತೆರೆಯುತ್ತದೆ, ಬ್ರೇಕ್ ತುಳಿದು ಸ್ಟಾರ್ಟ್ ಬಟನ್ ಒತ್ತಿದರೆ ಎಂಜಿನ್ ಓಡುತ್ತದೆ. 1998ರ ಸುಮಾರಿಗೆ ಮರ್ಸಿಡಿಸ್‌ನ ಎಸ್-ಕ್ಲಾಸ್‌ನಂಥ ಕಾರಿನಲ್ಲಿ ಬಂದ ಈ ಸೌಕರ್ಯ ಇಂದು ನಮ್ಮ ಹಳ್ಳಿಯ ಅಂಗಳದಲ್ಲಿ ನಿಂತ ಸಣ್ಣ ಕಾರುಗಳಲ್ಲೂ ಇದೆ. ಮಳೆಯಲ್ಲಿ ಎರಡೂ ಕೈಯಲ್ಲಿ ಸಾಮಾನು ಹಿಡಿದು ಬಂದವರಿಗೆ ಅದು ಎಷ್ಟು ಉಪಕಾರ ಎಂಬುದನ್ನು ಅಲ್ಲಗಳೆಯುವಂತಿಲ್ಲ. ಆದರೆ ಅದು ಕೈಕೊಟ್ಟಾಗ ಏನು ಮಾಡಬೇಕು, ಯಾರನ್ನು ಕೇಳಬೇಕು, ಕೇಳಿದವರಿಗೆ ಉತ್ತರಿಸುವ ಅಧಿಕಾರ ಇದೆಯೇ? ಈ ಪ್ರಶ್ನೆಗಳು ನಮ್ಮ ಮನೆಯಲ್ಲಿ ಎದ್ದದ್ದು ಉಮ್ಮನ ಡಯಾಲಿಸಿಸ್ ದೆಸೆಯಿಂದ.

ಉಮ್ಮನಿಗೆ ವಾರಕ್ಕೆರಡು ಬಾರಿ, ಒಮ್ಮೆಗೆ ನಾಲ್ಕು ಗಂಟೆಯಂತೆ ಡಯಾಲಿಸಿಸ್. ಬಂಟ್ವಾಳದ ಒಳಗಿನ ನಮ್ಮ ಹಳ್ಳಿಯಿಂದ ಮಂಗಳೂರಿಗೆ ಹೋಗಬೇಕು. ಮೊದಲ ಪಾಳಿ ಬೆಳಿಗ್ಗೆ ಆರೂವರೆಗೆ. ಆ ಹೊತ್ತಿಗೆ ನಮ್ಮ ದಾರಿಯಲ್ಲಿ ಬಸ್ಸಿಲ್ಲ. ಜುಬೈಲಿನಲ್ಲಿರುವ ಅಣ್ಣ ಹಣ ಕಳಿಸಿ ಗೇರ್ ಬದಲಿಸುವ ಗೋಜಿಲ್ಲದ ಆಟೋಮ್ಯಾಟಿಕ್ ಕಾರೊಂದನ್ನು ಕೊಡಿಸಿದರು. ಓಡಿಸುವವಳು ತಂಗಿ. ಅವಳಿಗೆ ಅದು ಹೇಳಿ ಮಾಡಿಸಿದಂತಿತ್ತು.

ಮೊದಲ ತೊಂದರೆ ಬಂದದ್ದು ಒಂದು ಮಧ್ಯಾಹ್ನ, ಆಸ್ಪತ್ರೆಯ ಪಾರ್ಕಿಂಗ್‌ನಲ್ಲಿ. ಕೀ ತಂಗಿಯ ಬ್ಯಾಗಿನಲ್ಲೇ ಇದೆ. ಆದರೆ ಕೀ ಪತ್ತೆಯಾಗಿಲ್ಲ ಎಂದು ಕಾರು ಪರದೆಯ ಮೇಲೆ ಬರೆಯುತ್ತಿದೆ. ನಾವು ಜುಬೈಲಿಗೆ ಫೋನು ಮಾಡಿದೆವು. ಅಲ್ಲಿ ಅಣ್ಣ ಓಡಿಸುವ ಕಂಪನಿಯ ವಾಹನದಲ್ಲೂ ಇದೇ ವ್ಯವಸ್ಥೆ. "ಕೀಯನ್ನೇ ಸ್ಟಾರ್ಟ್ ಬಟನಿಗೆ ತಾಗಿಸಿ ಹಿಡಿದು ಒತ್ತಿ ನೋಡು ಮೋನೆ" ಎಂದರು. ಹಾಗೆ ಮಾಡಿದ ಕೂಡಲೇ ಕಾರು ಸ್ಟಾರ್ಟ್ ಆಯಿತು. ಮಂತ್ರವೇನೋ ಎಂದು ಉಮ್ಮ ಬೆರಗಾದರು.

ಇದರಲ್ಲಿ ಮಂತ್ರವಿಲ್ಲ. ನಾವು ಹಿಡಿ ಮುಟ್ಟಿದಾಗ ಅಥವಾ ಬಟನ್ ಒತ್ತಿದಾಗ, ಬಾಗಿಲಲ್ಲಿ ಮತ್ತು ಒಳಗೆ ಅಡಗಿಸಿಟ್ಟ ಆಂಟೆನಾಗಳಿಂದ ಕಾರು ಸುಮಾರು 125 ಕಿಲೋಹರ್ಟ್ಸ್‌ನ ಮೆಲುದನಿಯಲ್ಲಿ ಸಲಾಂ ಹೇಳುತ್ತದೆ ಎಂದಿಟ್ಟುಕೊಳ್ಳಿ. ಆ ದನಿ ಒಂದೆರಡು ಮೀಟರಿನಾಚೆ ಕೇಳಿಸದು. ಜೇಬಿನಲ್ಲಿರುವ ಕೀ ಅದನ್ನು ಕೇಳಿಸಿಕೊಂಡು ಸುಮಾರು 433 ಮೆಗಾಹರ್ಟ್ಸ್‌ನಲ್ಲಿ ಸಲಾಂ ಮರಳಿಸುತ್ತದೆ. ಪ್ರತಿ ಬಾರಿಯೂ ಪ್ರಶ್ನೆ ಬೇರೆ, ಗುಟ್ಟಿನ ಉತ್ತರವೂ ಬೇರೆ. ಉತ್ತರ ಸರಿಯಿದ್ದರೆ ಮಾತ್ರ ಕಾರು ಎಂಜಿನ್ನಿಗೆ ಅಪ್ಪಣೆ ಕೊಡುತ್ತದೆ. ಹೀಗೆ ಸಲಾಂ ಮರಳಿಸಲು ಕೀ ಒಳಗೆ ಒಂದು ರೂಪಾಯಿ ನಾಣ್ಯದಷ್ಟಿರುವ ಸಣ್ಣ ಸೆಲ್ ಇರುತ್ತದೆ. ಹೆಚ್ಚಿನ ಕೀಗಳಲ್ಲಿ ಅದು ಸಿಆರ್ 2032 ಎಂಬ ಮೂರು ವೋಲ್ಟಿನ ಸೆಲ್. ಅದು ಸೋತರೆ ಕೀಗೆ ದನಿಯಿಲ್ಲ. ಆದರೆ ಅದೇ ಕೀ ಒಳಗೆ ಸೆಲ್ಲಿನ ಹಂಗಿಲ್ಲದ ಇನ್ನೊಂದು ಚಿಪ್ ಕೂಡ ಇರುತ್ತದೆ. ಬಟನ್ನಿನ ಹತ್ತಿರ ತಂದರೆ ಅದು ಕಾರಿನಿಂದಲೇ ಬೇಕಾದಷ್ಟು ಶಕ್ತಿ ಪಡೆದು ತನ್ನ ಗುರುತು ಹೇಳುತ್ತದೆ. ಅಣ್ಣ ಹೇಳಿದ್ದು ಅದನ್ನೇ. ಕೆಲವು ಕಾರುಗಳಲ್ಲಿ ಕೀಯನ್ನು ಬಟನಿಗೆ ತಾಗಿಸಬೇಕು, ಕೆಲವುಗಳಲ್ಲಿ ಗೇರಿನ ಬಳಿಯ ಗೂಡಿನಲ್ಲೋ ಕಪ್ ಇಡುವ ಜಾಗದಲ್ಲೋ ಇಡಬೇಕು. ಎಲ್ಲಿ ಎಂಬುದು ಕಾರಿನ ಜೊತೆ ಕೊಡುವ ಪುಸ್ತಕದಲ್ಲಿರುತ್ತದೆ.

ಸೆಲ್ ಬದಲಿಸುವಾಗ ಇನ್ನೊಂದು ಸಂಗತಿ ಗೊತ್ತಾಯಿತು. ಆ ಪ್ಲಾಸ್ಟಿಕ್ ತುಂಡಿನ ಹೊಟ್ಟೆಯಲ್ಲಿ ಹಳೆಯ ಕಾಲದ ಲೋಹದ ಬೀಗದ ಕೈಯೊಂದು ಮಲಗಿರುತ್ತದೆ! ಪಕ್ಕದ ಸಣ್ಣ ಕೊಕ್ಕೆ ಸರಿಸಿ ಎಳೆದರೆ ಹೊರಬರುತ್ತದೆ. ಸೆಲ್ ಪೂರ್ತಿ ಸತ್ತಾಗ ಡ್ರೈವರ್ ಕಡೆಯ ಬಾಗಿಲು ತೆರೆಯಲು ಅದೇ ಗತಿ. ಕೆಲವು ಕಾರುಗಳಲ್ಲಿ ಅದರ ತೂತನ್ನು ಸಣ್ಣ ಮುಚ್ಚಳದಡಿ ಮರೆಮಾಡಿರುತ್ತಾರೆ. ಬಿಡಿ ಸೆಲ್ಲನ್ನು ಕಾರಿನೊಳಗೆ ಇಟ್ಟರೆ ಪ್ರಯೋಜನವಿಲ್ಲ, ಮನೆಯಲ್ಲಿಡಬೇಕು. ಅದೂ ಮಕ್ಕಳ ಕೈಗೆ ಸಿಗದಂತೆ. ಮಕ್ಕಳು ನುಂಗಿದರೆ ಆ ಪುಟ್ಟ ಸೆಲ್ ಅನ್ನನಾಳವನ್ನು ಸುಟ್ಟು ಜೀವಕ್ಕೇ ಸಂಚಕಾರ ತಂದೀತು.

ಎರಡನೆಯ ತೊಂದರೆ ಬಂದದ್ದು ಮಳೆಗಾಲದಲ್ಲಿ, ಡಯಾಲಿಸಿಸ್ ದಿನವೇ. ಸುಬ್‌ಹಿ ನಮಾಝ್ ಮುಗಿಸಿ ಉಮ್ಮನನ್ನು ಕಾರಿನಲ್ಲಿ ಕೂರಿಸಿ ತಂಗಿ ಬಟನ್ ಒತ್ತಿದಳು. ಪರದೆ ಬೆಳಗಿತು, ಫ್ಯಾನು ತಿರುಗಿತು, ಎಂಜಿನ್ ಮಾತ್ರ ಮಿಸುಕಲಿಲ್ಲ. ಕೀ ಪತ್ತೆಯಾಗಿಲ್ಲ ಎಂಬ ದೂರೂ ಇಲ್ಲ. ಕೀಯನ್ನು ಬಟನಿಗೆ ತಾಗಿಸಿದ್ದೂ ಆಯಿತು, ಸೆಲ್ ಬದಲಿಸಿದ್ದೂ ಆಯಿತು. ಮೂತ್ರಪಿಂಡ ಕೆಲಸ ನಿಲ್ಲಿಸಿದವರಿಗೆ ಒಂದು ಪಾಳಿ ತಪ್ಪುವುದೆಂದರೆ ನಮಗೆ ಬಸ್ಸು ತಪ್ಪಿದಂತಲ್ಲ. ದೇಹದಲ್ಲಿ ನೀರು ನಿಲ್ಲುತ್ತದೆ, ಅದು ಶ್ವಾಸಕೋಶಕ್ಕೆ ಏರಿದರೆ ಉಸಿರೇ ಕಷ್ಟ. ಮುಂದಿನ ಯಂತ್ರ ಯಾವಾಗ ಖಾಲಿಯಾದೀತೋ ಯಾರು ಬಲ್ಲರು?

ನೆರೆಮನೆಯ ರಿಕ್ಷಾ ಅಣ್ಣ ಎದ್ದು ಬಂದರು. ಸೆಲ್ಫ್ ಕೆಟ್ಟರೂ ಲಿವರ್ ಎಳೆದು ಸ್ಟಾರ್ಟ್ ಮಾಡಬಹುದಾದ ಹಳೆಯ ರಿಕ್ಷಾ ಅವರದ್ದು. "ಉಮ್ಮನನ್ನು ನಾನು ಮುಟ್ಟಿಸುತ್ತೇನೆ, ನೀವು ಕಾರು ನೋಡಿ" ಎಂದು ತಂಗಿಯನ್ನೂ ಕೂರಿಸಿಕೊಂಡು ಮಳೆಯಲ್ಲೇ ಹೊರಟರು. ಪಾಳಿ ತಪ್ಪಲಿಲ್ಲ. ಅಲ್ಲಾಹನ ಕೃಪೆ, ನೆರೆಯವರ ಉಪಕಾರ.

ನಾವು ಕಂಪನಿಯ ಸರ್ವೀಸ್ ಸೆಂಟರಿಗೆ ಫೋನು ಮಾಡಿದೆವು. ಕೀಯ ಗುರುತು ಹಿಡಿಯುವ ಮಾಡ್ಯೂಲ್ ಹೋಗಿರಬಹುದು, ಕಾರನ್ನು ಎಳೆದು ತರಬೇಕು, ಬಿಡಿಭಾಗ ಹೊರಗಿನಿಂದ ತರಿಸಬೇಕಾದೀತು ಎಂಬ ಉತ್ತರ ಬಂತು. ಕಾರನ್ನು ನೋಡದೆಯೇ ಬಂದ ಉತ್ತರ ಅದು. ಮೂರು ದಿನ ಬಿಟ್ಟು ಮತ್ತೆ ಡಯಾಲಿಸಿಸ್ ಇದೆ ಎಂದರೆ ಅವರೇನು ಮಾಡಿಯಾರು?

ಆಗ ನೆನಪಾದದ್ದು ಪೇಟೆಯ ತಿರುವಿನ ಗ್ಯಾರೇಜು. ಅದರ ಯಜಮಾನರನ್ನು ಹಿಂದೂ ಮುಸ್ಲಿಂ ಎನ್ನದೆ ಊರೆಲ್ಲ 'ಕಾಕ' ಎಂದೇ ಕರೆಯುತ್ತದೆ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳ ಕಾಲದಿಂದ ಗ್ರೀಸ್ ಹಿಡಿದ ಕೈ. ಕಾಕ ಬಂದು ಬಾನೆಟ್ ಕೂಡ ತೆರೆಯದೆ ಮೊದಲು ಮೂರು ಪ್ರಶ್ನೆ ಕೇಳಿದರು. ಕಾರಿಗೆ ಕೀಯ ಗುರುತು ಸಿಕ್ಕಿದೆಯೇ? ಬ್ಯಾಟರಿಗೆ ತ್ರಾಣ ಇದೆಯೇ? ಕಾರು ಕೇಳುವ ಶರತ್ತು ಪೂರೈಸಿದೆಯೇ?

ಈ ಮೂರು ಪ್ರಶ್ನೆಗಳಲ್ಲಿ ಬಹುಪಾಲು ತೊಂದರೆಗಳ ಜಾಡು ಸಿಗುತ್ತದೆ ಎಂಬುದನ್ನು ನಾವು ಅಂದು ಕಲಿತೆವು.

ಗುರುತು ಸಿಗದಿದ್ದರೆ ಪರದೆಯೇ ಹೇಳುತ್ತದೆ. ಸೆಲ್ ಸೋತಿರಬಹುದು, ಇಲ್ಲವೇ ಕೀ ಪಕ್ಕದಲ್ಲೇ ಮೊಬೈಲೋ ಚಾರ್ಜರೋ ಇದ್ದು ಗದ್ದಲ ಎಬ್ಬಿಸುತ್ತಿರಬಹುದು. ಮದುವೆ ಮನೆಯ ಮೈಕಿನ ನಡುವೆ ಪಿಸುಮಾತು ಕೇಳಿಸದ ಹಾಗೆ. ಕೀಯನ್ನು ಮೊಬೈಲಿನಿಂದ ದೂರವಿಟ್ಟು ನೋಡಬೇಕು. ಮನೆಯಲ್ಲೂ ಕಾರಿಗೆ ತೀರಾ ತಾಗಿದ ಗೋಡೆಗೆ ಕೀ ತೂಗುಹಾಕಿದರೆ ಎರಡೂ ಆಗಾಗ ಮಾತಾಡಿಕೊಂಡು ಸೆಲ್ ಬೇಗ ಮುಗಿಯುತ್ತದೆ.

ಎರಡನೆಯದು ಬ್ಯಾಟರಿ. ಪರದೆ ಬೆಳಗಿತೆಂದ ಮಾತ್ರಕ್ಕೆ ಎಂಜಿನ್ ತಿರುಗಿಸುವ ತ್ರಾಣ ಇದೆಯೆಂದಲ್ಲ. ಚೆನ್ನಾಗಿ ಚಾರ್ಜ್ ಆದ ಬ್ಯಾಟರಿ ಸುಮ್ಮನಿರುವಾಗ 12.6 ವೋಲ್ಟ್‌ನಷ್ಟು ತೋರಿಸುತ್ತದೆ. 12ಕ್ಕಿಂತ ಕೆಳಗಿಳಿದರೆ ಅದು ಬಹುತೇಕ ಖಾಲಿ ಎಂದೇ ಅರ್ಥ. ಬಟನ್ ಒತ್ತಿದಾಗ ಟಕಟಕ ಸದ್ದು ಬಂದು ದೀಪಗಳು ಮಂಕಾದರೆ ದೋಷ ಇಲ್ಲೇ. ಹೈಬ್ರಿಡ್ ಮತ್ತು ವಿದ್ಯುತ್ ಕಾರುಗಳೂ ಇದಕ್ಕೆ ಹೊರತಲ್ಲ. ದೊಡ್ಡ ಬ್ಯಾಟರಿ ತುಂಬಿದ್ದರೂ ಈ ಸಣ್ಣ 12 ವೋಲ್ಟಿನ ಬ್ಯಾಟರಿ ಸತ್ತರೆ ಸಾಮಾನ್ಯವಾಗಿ ಅವು ಕದಲುವುದಿಲ್ಲ. ಕಾಕನ ಮೀಟರು ನಮ್ಮ ಬ್ಯಾಟರಿಯಲ್ಲಿ 12.5 ತೋರಿಸಿತು. ಅಲ್ಲಿಗೆ ಅದೂ ನಿರ್ದೋಷಿ.

ಮೂರನೆಯದು ಶರತ್ತು. ಆಟೋಮ್ಯಾಟಿಕ್ ಕಾರಿನಲ್ಲಿ ಗೇರು ಪಾರ್ಕಿಂಗ್‌ನಲ್ಲೋ ನ್ಯೂಟ್ರಲ್‌ನಲ್ಲೋ ಇರಬೇಕು, ಬ್ರೇಕ್ ತುಳಿದಿರಬೇಕು. ಗೇರು ಬದಲಿಸುವ ಕಾರಾದರೆ ಕ್ಲಚ್ಚನ್ನು ತಳಮುಟ್ಟ ಒತ್ತಬೇಕು. ಸ್ಟೇರಿಂಗ್ ಬೀಗ ಬಿಗಿದಿದ್ದರೆ ಚಕ್ರವನ್ನು ಮೆಲ್ಲಗೆ ಎಡಬಲ ಆಡಿಸುತ್ತ ಬಟನ್ ಒತ್ತಬೇಕು. ಬಟನನ್ನು ಮತ್ತೆ ಮತ್ತೆ ಒತ್ತುವವರು ಬ್ರೇಕನ್ನೂ ಪದೇ ಪದೇ ತುಳಿಯುತ್ತಾರೆ, ಆಗ ಪೆಡಲ್ ಕಲ್ಲಿನಂತಾಗುತ್ತದೆ. ಅಂಥ ಹೊತ್ತಿನಲ್ಲಿ ಹೆಚ್ಚು ಬಲ ಹಾಕಿ ಒತ್ತಬೇಕಾಗುತ್ತದೆ.

ಕಾಕ ಅಣ್ಣನ ಮಗಳನ್ನು ಕರೆದು, "ಮಗಳೇ, ಹಿಂದೆ ನಿಂತು ಕೆಂಪು ದೀಪ ಉರಿಯುತ್ತದೋ ನೋಡು" ಎಂದರು. ನಾವು ಒಳಗೆ ಕೂತು ಬ್ರೇಕ್ ತುಳಿದೆವು. "ಇಲ್ಲ ಕಾಕಾ" ಎಂದಳು ಹುಡುಗಿ. ಮತ್ತೆ ತುಳಿದೆವು. "ಇಲ್ಲವೇ ಇಲ್ಲ." ಗೇರಿನ ಹಿಡಿ ಕೂಡ ಪಾರ್ಕಿಂಗ್‌ನಿಂದ ಕದಲುತ್ತಿರಲಿಲ್ಲ. ಕಾಕ ನಕ್ಕರು. ಬ್ರೇಕ್ ಪೆಡಲಿನ ಮೇಲ್ಭಾಗದಲ್ಲಿರುವ ಬ್ರೇಕ್ ಲೈಟ್ ಸ್ವಿಚ್ ಸತ್ತಿತ್ತು. ನಾವು ತುಳಿದದ್ದು ಕಾರಿಗೆ ತಿಳಿಯುತ್ತಲೇ ಇರಲಿಲ್ಲ. ತಿಳಿಯದ ಮೇಲೆ ಅದು ಎಂಜಿನ್ನಿಗೆ ಅಪ್ಪಣೆ ಕೊಡುವುದೂ ಇಲ್ಲ. ಫ್ಯೂಸ್ ನೋಡಿ, ಬಿ.ಸಿ.ರೋಡಿನಿಂದ ಸ್ವಿಚ್ ತರಿಸಿ, ಮಧ್ಯಾಹ್ನದ ಊಟಕ್ಕೆ ಮೊದಲೇ ಹಾಕಿ ಮುಗಿಸಿದರು. ಬಿಡಿಭಾಗಕ್ಕೂ ಕೂಲಿಗೂ ಸೇರಿ ಸಾವಿರ ರೂಪಾಯಿ ಕೂಡ ಆಗಲಿಲ್ಲ. ಕೆಲವು ಕಂಪನಿಗಳ ಕಾರುಗಳಲ್ಲಿ ಇಂಥ ಹೊತ್ತಿಗೆಂದೇ ಬಟನನ್ನು ಹತ್ತು ಹದಿನೈದು ಸೆಕೆಂಡು ಒತ್ತಿ ಹಿಡಿದು ಸ್ಟಾರ್ಟ್ ಮಾಡುವ ತುರ್ತು ದಾರಿಯೂ ಇದೆ. ಆದರೆ ಹಿಂದೆ ಬರುವವರಿಗೆ ಕೆಂಪು ದೀಪ ಕಾಣದ ಕಾರನ್ನು ಹೆದ್ದಾರಿಗೆ ಇಳಿಸುವುದು ಅಪಾಯವನ್ನು ಕರೆದು ಕೂರಿಸಿದಂತೆ.

ಇಷ್ಟಕ್ಕೇ ಮುಗಿದಿದ್ದರೆ ಇದು ಕಾಕನ ಜಾಣ್ಮೆಯ ಕಥೆ ಮಾತ್ರ ಆಗುತ್ತಿತ್ತು. ಮುಂದಿನ ಸಂಗತಿ ಕೇಳಿ. ಕಾರಿನ ಎರಡನೆಯ ಕೀ ಅಣ್ಣನ ಬ್ಯಾಗಿನಲ್ಲಿ ಸೇರಿ ಜುಬೈಲಿಗೆ ಹೋಗಿತ್ತು. ಇರುವ ಒಂದು ಕೀಯನ್ನೇ ನಂಬಿ ಉಮ್ಮನ ಪಾಳಿ ನಡೆಸುವುದು ಹೇಗೆ? ಇನ್ನೊಂದು ಮಾಡಿಕೊಡಿ ಎಂದು ಕಾಕನನ್ನು ಕೇಳಿದೆವು. ಅವರ ಮುಖ ಸಣ್ಣದಾಯಿತು. ಹಿಂದೆ ಬೀಗದ ಕೈ ಎಂದರೆ ಅರದಿಂದ ಉಜ್ಜಿ ಹಲ್ಲು ಕೊರೆಯುವ ಕೆಲಸ. ಈಗ ಹೊಸ ಕೀಯನ್ನು ಕಾರಿನ ಕಂಪ್ಯೂಟರಿಗೆ ಪರಿಚಯಿಸಬೇಕು. ಅದಕ್ಕೆ ಕಂಪನಿಯ ಯಂತ್ರ ಬೇಕು, ಗುಪ್ತ ಸಂಖ್ಯೆ ಬೇಕು. ಎರಡೂ ಕಾಕನ ಬಳಿ ಇಲ್ಲ, ಕೇಳಿದರೆ ಕೊಡುವವರೂ ಇಲ್ಲ. ಕೊನೆಗೆ ಸರ್ವೀಸ್ ಸೆಂಟರಿನಲ್ಲೇ ಮಾಡಿಸಿದೆವು. ತೆತ್ತ ಹಣ ಕಾಕನ ಗ್ಯಾರೇಜಿನ ಹುಡುಗನೊಬ್ಬನ ಒಂದು ತಿಂಗಳ ಸಂಬಳದಷ್ಟಿತ್ತು.

ಇದು ನಮ್ಮೊಬ್ಬರ ಗೋಳಲ್ಲ. ಸ್ವತಂತ್ರ ಗ್ಯಾರೇಜುಗಳಿಗೆ ಬಿಡಿಭಾಗ ಮತ್ತು ದೋಷ ಪತ್ತೆಯ ಸಲಕರಣೆ ಸಿಗದಂತೆ ತಡೆಯಲಾಗುತ್ತಿದೆ ಎಂಬ ದೂರು 2011ರಲ್ಲೇ ಭಾರತದ ಸ್ಪರ್ಧಾ ಆಯೋಗದ ಮುಂದೆ ಹೋಗಿತ್ತು. 2014ರ ಆಗಸ್ಟ್‌ನಲ್ಲಿ ಆಯೋಗ 14 ಕಾರು ಕಂಪನಿಗಳ ಮೇಲೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ವಿಧಿಸಿತು. ಬಿಡಿಭಾಗ, ಸಲಕರಣೆ, ತಾಂತ್ರಿಕ ಮಾಹಿತಿಗಳನ್ನು ಸ್ವತಂತ್ರ ಗ್ಯಾರೇಜುಗಳಿಗೂ ಒದಗಿಸಬೇಕೆಂದು ಹೇಳಿತು. ಕಂಪನಿಗಳು ಮೇಲ್ಮನವಿಗೆ ಹೋದವು. 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 'ದುರಸ್ತಿಯ ಹಕ್ಕು' ಕುರಿತು ಸಮಿತಿ ರಚಿಸಿತು. ಮೊಬೈಲು, ಕೃಷಿ ಯಂತ್ರ, ಗೃಹೋಪಯೋಗಿ ವಸ್ತುಗಳ ಜೊತೆ ವಾಹನಗಳನ್ನೂ ಅದರಲ್ಲಿ ಸೇರಿಸಿತು. ಅದೇ ಡಿಸೆಂಬರಿನಲ್ಲಿ ಅದಕ್ಕಾಗಿ ಜಾಲತಾಣವೂ ಬಂತು. ಕಾಗದದ ಮೇಲೆ ಇಷ್ಟೆಲ್ಲ ಆಗಿದ್ದರೂ ಕಾಕನ ಮೇಜಿನ ಮೇಲೆ ಆ ಯಂತ್ರ ಬಂದಿಲ್ಲ.

ಗುಪ್ತ ಸಂಖ್ಯೆ ಎಲ್ಲರ ಕೈಗೆ ಸಿಕ್ಕರೆ ಕಳ್ಳರಿಗೂ ಸಿಗುತ್ತದೆ ಎಂಬ ವಾದವಿದೆ. ಅದರಲ್ಲಿ ಹುರುಳಿಲ್ಲ ಎನ್ನಲಾಗದು. ಆದರೆ ಕಳ್ಳರು ಹಿಡಿದ ದಾರಿಯೇ ಬೇರೆ. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರು 8 ಕಂಪನಿಗಳ 10 ಮಾದರಿಯ ಕಾರುಗಳನ್ನು ಪರೀಕ್ಷಿಸಿ 2011ರಲ್ಲಿ ವರದಿ ಪ್ರಕಟಿಸಿದರು. ಒಬ್ಬ ಕಾರಿನ ಬಳಿ, ಇನ್ನೊಬ್ಬ ಮನೆಯೊಳಗಿನ ಕೀಯ ಸಮೀಪ ಉಪಕರಣ ಹಿಡಿದು ನಿಂತು, ಕಾರಿನ ಮೆಲುದನಿಯನ್ನು ಕೀವರೆಗೆ ಹಾಯಿಸಿದರೆ ಸಾಕು, ಪರೀಕ್ಷಿಸಿದ ಎಲ್ಲ ಕಾರುಗಳೂ ಮೋಸಹೋದವು! ಯಾವ ಗುಪ್ತ ಸಂಖ್ಯೆಯೂ ಬೇಕಾಗಲಿಲ್ಲ. ಗುಟ್ಟು ಕಾಪಾಡಿದ್ದರಿಂದ ಕಳ್ಳನಿಗೆ ತಡೆಯಾಗಲಿಲ್ಲ, ತಡೆಯಾದದ್ದು ಕಾಕನಿಗೆ. (ರಾತ್ರಿ ಕೀಯನ್ನು ತಗಡಿನ ಡಬ್ಬಿಯಲ್ಲಿಟ್ಟರೆ ಈ ದನಿಗೆ ಅಡ್ಡಿಯಾಗುತ್ತದೆ. ಡಬ್ಬಿ ಸಮೇತ ಕಾರಿನ ಬಳಿ ನಿಂತು ಬಾಗಿಲು ತೆರೆಯುತ್ತದೋ ಎಂದು ಒಮ್ಮೆ ಪರೀಕ್ಷಿಸಿದರೆ ಆ ಡಬ್ಬಿಯ ಯೋಗ್ಯತೆ ಗೊತ್ತಾಗುತ್ತದೆ.)

ಬೀಗದ ಕೈಯ ಮಾತು ಬಂದಾಗ ನಮ್ಮ ಚರಿತ್ರೆಯ ಒಂದು ಘಟನೆಯನ್ನು ನೆನೆಯದಿರಲಾಗದು. ಹಿಜರಿ 8ರಲ್ಲಿ, ಅಂದರೆ ಕ್ರಿ.ಶ. 630ರಲ್ಲಿ, ಮಕ್ಕಾ ವಿಜಯದ ದಿನ ಕಅಬಾದ ಕೀಲಿಕೈ ಪ್ರವಾದಿಯವರ(ಸ) ಕೈಗೆ ಬಂತು. ಗೆದ್ದವರು ಅದನ್ನು ತಮ್ಮವರಿಗೆ ಕೊಡಬಹುದಿತ್ತು, ಕೇಳಿದವರೂ ಇದ್ದರು. ಆದರೆ ಅವರು ಅದನ್ನು ಹಿಂದಿನಿಂದ ಇರಿಸಿಕೊಂಡು ಬಂದ ಮನೆತನದ ಉಸ್ಮಾನ್ ಬಿನ್ ತಲ್ಹಾರಿಗೇ ಮರಳಿಸಿದರು. ಇಂದಿಗೂ ಆ ಕೀಲಿಕೈ ಅದೇ ಶೈಬಿ ಮನೆತನದವರ ಬಳಿ ಇದೆ. ಅಮಾನತ್ತನ್ನು ಅದರ ಹಕ್ಕುದಾರರಿಗೆ ಒಪ್ಪಿಸಿರೆಂಬ ಕುರ್‌ಆನಿನ ಆದೇಶವನ್ನು ವ್ಯಾಖ್ಯಾನಕಾರರು ಈ ಪ್ರಸಂಗದೊಂದಿಗೆ ಜೋಡಿಸಿ ವಿವರಿಸುತ್ತಾರೆ. ಪವಿತ್ರ ಭವನದ ಕೀಲಿಕೈಗೂ ಕಾರಿನ ಕೀಗೂ ಹೋಲಿಕೆ ಮಾಡುವುದು ನಮ್ಮ ಉದ್ದೇಶವಲ್ಲ. ನಾವು ಹೇಳುವುದಿಷ್ಟೇ: ಕೀಲಿ ಎಂಬುದು ಅಮಾನತ್. ಹಣ ಕೊಟ್ಟು ಕೊಂಡವನ ಕಾರಿನ ಕೀಲಿಯ ಮೇಲೆ ಕೊಂಡವನಿಗೆ ಹಕ್ಕಿದೆ. ಅದನ್ನು ಯಾರಿಂದ ರಿಪೇರಿ ಮಾಡಿಸಬೇಕು ಎಂದು ನಿರ್ಧರಿಸುವುದೂ ಆ ಹಕ್ಕಿನಲ್ಲೇ ಸೇರಿದೆ. ಮಾರಿದವನು ವಸ್ತುವನ್ನು ಕೊಟ್ಟು ಅದರ ತಿಳಿವಳಿಕೆಯನ್ನು ತನ್ನಲ್ಲೇ ಇಟ್ಟುಕೊಂಡರೆ ವ್ಯಾಪಾರ ಪೂರ್ತಿಯಾಯಿತೇ?

ಕರಾವಳಿಯ ಪೇಟೆಗಳಲ್ಲಿ ಓದು ಅರ್ಧಕ್ಕೆ ನಿಂತ ಎಷ್ಟೋ ಹುಡುಗರಿಗೆ, ಅದರಲ್ಲೂ ನಮ್ಮ ಸಮುದಾಯದ ಹುಡುಗರಿಗೆ, ಗ್ಯಾರೇಜೇ ಶಾಲೆ, ಅಲ್ಲಿನ ಹಿರಿಯರೇ ಗುರುಗಳು. ಕಾಕನ ಬಳಿ ಈಗ ಇಬ್ಬರಿದ್ದಾರೆ. ಒಬ್ಬ ಐಟಿಐ ಮುಗಿಸಿ ಬಂದವನು. ಡ್ಯಾಶ್‌ಬೋರ್ಡಿನ ಕೆಳಗಿರುವ ಕಿಂಡಿಗೆ ಸಣ್ಣ ಸ್ಕ್ಯಾನರ್ ಸಿಕ್ಕಿಸಿ ಎಂಜಿನ್ನಿನ ದೋಷ ಓದಲು ಅವನು ತಾನೇ ಕಲಿತಿದ್ದಾನೆ. ಆದರೆ ಕೀಯ ವಿಷಯ ಬಂದಾಗ ಪರದೆ ಅವನಿಗೆ ಗುಪ್ತ ಸಂಖ್ಯೆ ಕೇಳುತ್ತದೆ. ದಿನ ಕಳೆದಂತೆ ಕಾರಿನ ಒಂದೊಂದೇ ಭಾಗ ಆ ಸಂಖ್ಯೆಯ ಹಿಂದೆ ಸರಿದರೆ ಈ ಹುಡುಗರ ಕೈಯಲ್ಲಿ ಉಳಿಯುವುದು ಪಂಕ್ಚರ್ ಹಾಕುವ ಕೆಲಸ ಮಾತ್ರ. ಬೆಳಗಿನ ಜಾವ ಕಾರು ನಿಂತುಹೋದ ಮನೆಯವರಿಗೆ ಒಂಬತ್ತು ಗಂಟೆಗೆ ತೆರೆಯುವ ಸರ್ವೀಸ್ ಸೆಂಟರನ್ನು ಕಾಯದೆ ಬೇರೆ ದಾರಿ ಇರದು.

ಕಾನೂನು ಬರುವಷ್ಟರಲ್ಲಿ ನಾವು ಮಾಡಬಹುದಾದದ್ದೂ ಕೆಲವಿದೆ. ಕಾರು ಕೊಳ್ಳುವಾಗ ಬಣ್ಣ, ಮೈಲೇಜು, ಸಾಲದ ಕಂತು ಎಲ್ಲವನ್ನೂ ವಿಚಾರಿಸುತ್ತೇವೆ. ಇನ್ನು ನಾಲ್ಕು ಮಾತು ಸೇರಿಸಿಕೊಳ್ಳೋಣ. ಕೀ ಎರಡು ಇವೆಯೇ? ಕೀಯ ಸಂಖ್ಯೆ ಇರುವ ಸಣ್ಣ ಬಿಲ್ಲೆಯನ್ನು ನಮ್ಮ ಕೈಗೆ ಕೊಟ್ಟರೇ? ಸೆಲ್ ಸತ್ತಾಗ ಬಾಗಿಲು ತೆರೆದು ಸ್ಟಾರ್ಟ್ ಮಾಡುವ ಬಗೆಯನ್ನು ಕಾರು ಓಡಿಸುವ ಹೆಣ್ಣುಮಕ್ಕಳೂ ಸೇರಿದಂತೆ ಮನೆಯವರೆಲ್ಲರಿಗೆ ತೋರಿಸಿದರೇ? ಕೀ ಕಳೆದರೆ ಹೊಸದಕ್ಕೆ ಎಷ್ಟು ಹಣ, ಎಷ್ಟು ದಿನ, ಅದನ್ನು ಹೊರಗಿನ ಗ್ಯಾರೇಜಿನಲ್ಲಿ ಮಾಡಿಸಬಹುದೇ? ಹತ್ತು ಮಂದಿ ಕೇಳಿದರೆ ಮಾರುವವರಿಗೆ ತಮಾಷೆಯಾಗಿ ಕಂಡೀತು. ಸಾವಿರ ಮಂದಿ ಕೇಳಿದರೆ ಉತ್ತರ ಹುಡುಕಲೇಬೇಕಾಗುತ್ತದೆ.

ಶೋರೂಮಿನಲ್ಲಿ ಕಾರಿಗೆ ಹೂಹಾರ ಹಾಕಿ, ಮಾರುದ್ದದ ರಟ್ಟಿನ ಕೀಯೊಂದನ್ನು ಕೊಂಡವರ ಕೈಗೆ ಕೊಟ್ಟು ಫೋಟೋ ತೆಗೆಯುವ ಪದ್ಧತಿ ಈಗ ಎಲ್ಲೆಡೆ ಇದೆ. ಈ ನಾಲ್ಕು ಪ್ರಶ್ನೆಗಳನ್ನು ಆ ಫೋಟೋಕ್ಕೆ ನಿಲ್ಲುವ ಮೊದಲೇ ಕೇಳುವುದು ಒಳ್ಳೆಯದು.